ಟಕಟಕ ಎನ್ನುವ ಹಳೆಯ ಷೆವೆಲ್: ಕೊಳ್ಳಬಹುದೇ?

ಪ್ರಶ್ನೆ: 1970ರ ಷೆವರ್ಲೆ ಷೆವೆಲ್ ಎಂಬ ಅಮೆರಿಕನ್ ಕಾರೊಂದನ್ನು ನೋಡಿ ಬಂದೆ. 350 ಘನ ಅಂಗುಲದ ವಿ8 ಎಂಜಿನ್. ಗ್ರಿಲ್ ಮೇಲೆ ಎಸ್‌ಎಸ್ (ಸೂಪರ್ ಸ್ಪೋರ್ಟ್, ಅಂದರೆ ಹೆಚ್ಚು ಶಕ್ತಿಯ ಮಾದರಿ) ಲಾಂಛನ. ಎಂಜಿನ್‌ನಿಂದ ಟಕಟಕ ಸದ್ದು ಬರುತ್ತಿದೆ. ವಾಲ್ವ್ ತೆರೆಯಲು ನೆರವಾಗುವ ಟ್ಯಾಪೆಟ್ ಹೊಂದಿಸಿದರೆ ಸಾಕು ಎನ್ನುತ್ತಾರೆ ಮಾಲೀಕರು. ನಂಬಬಹುದೇ? ಅನುಭವಿಗಳು ತಿಳಿಸಿ.

ಒಬ್ಬರು: ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ನಿಮ್ಮೆದುರಿಗೇ ಚಾಲೂ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೊರಡಿ. ಬಿಸಿಯಾದಂತೆ ಸದ್ದು ಅಡಗಿದರೆ ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಸೋರಿಕೆ ಇರಬಹುದು. ಅದು ಸಣ್ಣ ಕೆಲಸ. ತಳದಿಂದ ಗುದ್ದಿದಂತೆ ಕೇಳಿಸಿ, ಒಂದು ಸಿಲಿಂಡರಿನ ಕಿಡಿ ತಪ್ಪಿಸಿದಾಗ ಮೆತ್ತಗಾದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಮೇಲೆ ಅನುಮಾನ ಪಡಿ. ಅಂಥ ಕಾರನ್ನು ಓಡಿಸಿಕೊಂಡು ಮನೆಗೆ ತರಬೇಡಿ, ಲಾರಿಯಲ್ಲಿ ತನ್ನಿ.

ಇನ್ನೊಬ್ಬರು: ಮಾಲೀಕರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಆ ಎಂಜಿನ್ನಿಗೆ ಕಾರ್ಖಾನೆಯಿಂದ ಬಂದದ್ದು ಆಯಿಲ್ ಒತ್ತಡದಿಂದ ತಾನೇ ಸಡಿಲು ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್. ಪದೇ ಪದೇ ಹೊಂದಿಸುವ ಅಗತ್ಯವೇ ಇಲ್ಲ. ಹೊಂದಿಸಿದ ಮೇಲೂ ಸಡಿಲವಾಗುತ್ತಿದ್ದರೆ ಟ್ಯಾಪೆಟ್‌ಗಳನ್ನು ಎತ್ತುವ ಕ್ಯಾಮ್‌ಶಾಫ್ಟಿನ ಉಬ್ಬು ಸವೆಯುತ್ತಿರಬಹುದು. ಈ ಹಳೆಯ ಕ್ಯಾಮ್‌ಗಳಿಗೆ ಸತುವು, ರಂಜಕ ಸೇರಿದ ಆಯಿಲ್ ಬೇಕು. ಈಗಿನ ಸಾಮಾನ್ಯ ಆಯಿಲ್‌ಗಳಲ್ಲಿ ಅವು ಕಡಿಮೆ. ಸವೆದ ಲೋಹದ ಪುಡಿ ಆಯಿಲ್‌ನೊಂದಿಗೆ ಬೇರಿಂಗ್‌ಗಳವರೆಗೂ ಹೋಗುತ್ತದೆ. ಆಯಿಲ್ ಫಿಲ್ಟರ್ ಬಿಚ್ಚಿ, ಕತ್ತರಿಸಿ ನೋಡಲು ಅನುಮತಿ ಕೇಳಿ. ಮಿನುಗುವ ಕಣಗಳು ಸಿಕ್ಕರೆ ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಮತ್ತೊಬ್ಬರು: ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಬಿಡಬೇಡಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ಅಳೆಯಿರಿ: ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ನೋಡಬೇಕು. ಅಕ್ಕಪಕ್ಕದ ಎರಡರಲ್ಲೂ ಕಡಿಮೆಯಿದ್ದರೆ ಬ್ಲಾಕ್ ಮತ್ತು ಹೆಡ್ ನಡುವಿನ ಹೆಡ್ ಗ್ಯಾಸ್ಕೆಟ್ ಹಾಳಾಗಿರಬಹುದು.

ಕೊನೆಯವರು: ಎಲ್ಲರೂ ಎಂಜಿನ್ ಬಗ್ಗೆಯೇ ಹೆದರಿಸುತ್ತಿದ್ದೀರಿ! 350ರ ಬಿಡಿಭಾಗಗಳು ಧಾರಾಳವಾಗಿ ಸಿಗುತ್ತವೆ. ನನಗೆ ಚುಚ್ಚುತ್ತಿರುವುದು ಆ ಲಾಂಛನ. 1970ರ ಷೆವೆಲ್ ಎಸ್‌ಎಸ್ ಬಂದದ್ದು 396 ಅಥವಾ 454 ಎಂಜಿನ್ ಆಯ್ಕೆಯೊಂದಿಗೆ. 350ರೊಂದಿಗೆ ಎಸ್‌ಎಸ್ ಸಿಕ್ಕಿದ್ದು 1971ರಿಂದ. ಅಂದರೆ ಎಂಜಿನ್ ಬದಲಾಗಿರಬೇಕು, ಇಲ್ಲವೇ ಲಾಂಛನ ಆಮೇಲೆ ಅಂಟಿಸಿದ್ದು. ಬ್ಲಾಕಿನ ಮುಂಭಾಗದಲ್ಲಿ, ಬಲಗಡೆಯ ಹೆಡ್ಡಿನ ಕೆಳಗೆ ಒತ್ತಿರುವ ಸಂಖ್ಯೆಯನ್ನು ಕಾರಿನ ಗುರುತು ಸಂಖ್ಯೆಯೊಂದಿಗೆ ಹೋಲಿಸಿ. ಚಾಸಿಯ ತುಕ್ಕನ್ನೂ ಕೆಳಗೆ ಮಲಗಿ ನೋಡಿ. ಎಲ್ಲ ಸರಿಯಿದ್ದರೂ ಎಂಜಿನ್ ಕೆಟ್ಟಿದೆ ಎಂದೇ ಲೆಕ್ಕ ಹಾಕಿ, ಎಸ್‌ಎಸ್ ಅಲ್ಲದ ಕಾರಿನ ಬೆಲೆಗೆ ಕೇಳಿ.