ಆನ್‌ಲೈನ್‌ನಲ್ಲಿ ಒಟ್ಟಿಗೆ ಅಡುಗೆ: ಒಲೆಗಳ ಹೊಂದಾಣಿಕೆ, ಖರ್ಚು, ಬೆಳೆಗಾರರ ಪಾಲಿನ ಲೆಕ್ಕ

ಬಾಣಲೆ:
ಹದಿನೈದು ಮನೆಯವರು ವಿಡಿಯೊ ಕಾಲ್‌ನಲ್ಲಿ, ಅವರವರ ಅಡುಗೆಮನೆಯಲ್ಲೇ ನಿಂತು, ಒಂದೇ ಅಡುಗೆ ಮಾಡುವ ಯೋಜನೆ ಇದೆ. 90 ನಿಮಿಷ. ಮಸೂರ್ ಬೇಳೆ-ತರಕಾರಿ ಸೂಪು, ಅನ್ನ. ಬೇಯುವ ಹೊತ್ತಿನಲ್ಲಿ, ಅಕ್ಕಿಗೆ ಕೊಟ್ಟ ದುಡ್ಡಿನಲ್ಲಿ ಬೆಳೆದವರಿಗೆ ಎಷ್ಟು ಹೋಯಿತು ಎಂಬ ಮಾತುಕತೆ. ಒಬ್ಬರದು ಗ್ಯಾಸ್, ಇನ್ನೊಬ್ಬರದು ಇಂಡಕ್ಷನ್. ಎಲ್ಲರೂ ಒಟ್ಟಿಗೆ ಮುಗಿಸೋದು ಹೇಗೆ? ಸಾಮಾನಿನ ಪಟ್ಟಿ ನೋಡಿಯೇ ಯಾರೂ ಹಿಂದೆ ಸರಿಯಬಾರದು, ಅದಕ್ಕೇನು ಮಾಡಬೇಕು? ಪಾಲಿನ ಲೆಕ್ಕ ಹಾಕುವ ಸರಿಯಾದ ಕ್ರಮ ಯಾವುದು?

ಅಳತೆಲೋಟ:
ಹಿಂದೆ ಬೀಳೋದು ಒಲೆಯಿಂದ ಕಡಿಮೆ, ತರಕಾರಿ ಹೆಚ್ಚೋದರಿಂದಲೇ ಜಾಸ್ತಿ. ಮೊದಲ 20 ನಿಮಿಷ ಯಾರೂ ಒಲೆ ಹಚ್ಚಬಾರದು, ಬರೀ ತೊಳೆಯೋದು, ಹೆಚ್ಚೋದು. ಆಮೇಲೆ ನಿಮಿಷ ಹೇಳಬೇಡಿ, ಗುರುತು ಹೇಳಿ: "ಈರುಳ್ಳಿಯ ಅಂಚು ಕಂದಾದವರು ಕೈ ಎತ್ತಿ." ಎಲ್ಲರ ಕೈ ಮೇಲೆ ಬಂದ ಮೇಲೆ ಮುಂದಿನ ಹಂತ. ಮೊದಲೇ ಮುಗಿಸಿದವರು ಉರಿ ಆರಿಸಿ ಕಾಯಲಿ. ಸಣ್ಣ ಉರಿಯಲ್ಲಿ ಇಟ್ಟುಕೊಂಡು ಕಾದರೆ ಈರುಳ್ಳಿ ಸೀದು ಸೂಪೆಲ್ಲ ಕಹಿಯಾಗುತ್ತೆ.

ಅಳತೆ ಗ್ರಾಂನಲ್ಲೇ ಕೊಡಿ. ಕಪ್ ಅಂದರೆ ಒಬ್ಬರಿಗೆ 200 ಮಿ.ಲೀ., ಇನ್ನೊಬ್ಬರಿಗೆ 250. ನಾಲ್ಕು ಜನಕ್ಕೆ 200 ಗ್ರಾಂ ಬೇಳೆ, 1 ಲೀಟರ್ ನೀರು. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಬೇಗ ಆವಿಯಾಗುತ್ತೆ, ಹಾಗಾಗಿ ಪಕ್ಕದಲ್ಲಿ ಇನ್ನೊಂದು 200 ಮಿ.ಲೀ. ಬಿಸಿನೀರು ಇರಲಿ. ಟೊಮೆಟೊವನ್ನು ಬೇಳೆ ಮೆತ್ತಗಾದ ಮೇಲೇ ಹಾಕಿಸಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯಲು ಸತಾಯಿಸುತ್ತೆ. ಎತ್ತರದ ಜಾಗದಲ್ಲಿರುವವರು ಯಾರಾದರೂ ಇದ್ದರೆ ಮೊದಲೇ ಕೇಳಿಕೊಳ್ಳಿ. 1,500 ಮೀಟರ್ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ, ಬೇಳೆ ನಿಧಾನ.

ಕುಕ್ಕರ್ ಇಟ್ಟರೆ ಎಲ್ಲರೂ ಇಡಲಿ, ಇಲ್ಲವಾದರೆ ಯಾರೂ ಬೇಡ. ಮುಚ್ಚಳ ಬಿಗಿದವರಿಗೆ ಹದ ತೋರಿಸೋಕೆ ಆಗಲ್ಲ.

ಬೇಳೆ ಬದಲು ರಾಜ್ಮಾ ಮಾಡೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅದನ್ನು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಲೇಬೇಕು, ಅದಾದ ಮೇಲೂ ಮೆತ್ತಗಾಗುವ ತನಕ ಬೇಯಿಸಬೇಕು. ಅರೆಬೆಂದದ್ದು ತಿಂದರೆ ವಾಂತಿ-ಭೇದಿ ಆಗುತ್ತೆ, ಕ್ಯಾಮೆರಾದಲ್ಲಿ ಅದು ಬೆಂದಿದೆಯೋ ಇಲ್ಲವೋ ಗೊತ್ತಾಗಲ್ಲ.

ಫೋನನ್ನು ಪಾತ್ರೆಯ ನೇರ ಮೇಲೆ ಕಟ್ಟಬೇಡಿ, ಲೆನ್ಸ್ ಮೇಲೆ ಹಬೆ ಕೂರುತ್ತೆ. ಪಕ್ಕದಿಂದ ಓರೆಯಾಗಿ ಇಡಿ. ನಡೆಸಿಕೊಡುವವರು ಆ್ಯಪ್‌ನ ಸದ್ದು ತಗ್ಗಿಸುವ ಆಯ್ಕೆ ಆಫ್ ಮಾಡಲಿ. ಆನ್ ಇದ್ದರೆ ಎಣ್ಣೆಯ ಚಟಪಟ ಸದ್ದನ್ನೂ ಗಲಾಟೆ ಅಂದುಕೊಂಡು ಅದು ನುಂಗಿಬಿಡುತ್ತೆ.

ತಕ್ಕಡಿ:
ಖರ್ಚಿನ ವಿಷಯ. ಪಟ್ಟಿ ಒಂದು ವಾರ ಮೊದಲೇ ಹೋಗಲಿ: ಇರಲೇಬೇಕಾದದ್ದು, ಇವುಗಳಲ್ಲಿ ಯಾವುದಾದರೂ ಒಂದು, ಇಲ್ಲದಿದ್ದರೂ ನಡೆಯುತ್ತೆ. ಸೂಪಿಗೆ ಇರಲೇಬೇಕಾದದ್ದು ಬೇಳೆ, ಈರುಳ್ಳಿ, ಎಣ್ಣೆ, ಉಪ್ಪು, ಅಷ್ಟೇ. ಚಿಟಿಕೆ ಮಸಾಲೆಗೆ ಇಡೀ ಪ್ಯಾಕೆಟ್ ಕೊಳ್ಳಬೇಕಾಗುತ್ತಲ್ಲ, ಭಾರ ಅಲ್ಲಿರೋದು. ಅಂಥದ್ದೆಲ್ಲ ಮೂರನೇ ಸಾಲಿಗೆ.

ಸಹಾಯನಿಧಿ ಇಟ್ಟರೆ ಕಾರ್ಯಕ್ರಮಕ್ಕೆ ಮುಂಚೆಯೇ ದುಡ್ಡು ಕಳಿಸಿ. "ಬಿಲ್ ಕಳಿಸಿ, ಆಮೇಲೆ ಕೊಡ್ತೀವಿ" ಅಂದರೆ, ಕೈಯಲ್ಲಿ ದುಡ್ಡಿಲ್ಲದವರು ಅಲ್ಲೇ ಹೊರಗಾದರು. ಕಾರಣ ಕೇಳಬೇಡಿ. ಕ್ಯಾಮೆರಾ ಆನ್ ಇರಲೇಬೇಕು ಅನ್ನೋ ನಿಯಮವೂ ಬೇಡ: ಡೇಟಾ ಖರ್ಚು ಒಂದು ಕಡೆ, ತಮ್ಮ ಅಡುಗೆಮನೆ ತೋರಿಸೋಕೆ ಎಲ್ಲರಿಗೂ ಇಷ್ಟ ಇರಲ್ಲ. ಕೈ ಎತ್ತುವ ಬದಲು ಅವರು ಚಾಟ್‌ನಲ್ಲಿ "ಆಯ್ತು" ಅಂತ ಹಾಕಲಿ.

ತೌಡು:
ಪಾಲಿನ ಲೆಕ್ಕದಲ್ಲಿ ಬಹಳ ಜನ ಎಡವೋದು ಒಂದೇ ಕಡೆ. ಅಂಗಡಿಯಲ್ಲಿ ಕಿಲೋ ಅಕ್ಕಿಗೆ 100, ಹೊಲದ ಹತ್ತಿರ ಕಿಲೋ ಭತ್ತಕ್ಕೆ 40 ಅಂತ ಇಟ್ಟುಕೊಳ್ಳಿ (ಅಂಕಿ ಬರೀ ಉದಾಹರಣೆಗೆ). "ರೈತನಿಗೆ ಶೇ. 40" ಅಂದುಬಿಡ್ತಾರೆ. ಭತ್ತ ಅಕ್ಕಿಯಲ್ಲ! ಮಿಲ್ಲಿನಲ್ಲಿ 100 ಕಿಲೋ ಭತ್ತಕ್ಕೆ ಸಿಗೋದು ಸುಮಾರು 65-68 ಕಿಲೋ ಅಕ್ಕಿ. ಅಂದರೆ ಒಂದು ಕಿಲೋ ಅಕ್ಕಿಗೆ ಒಂದೂವರೆ ಕಿಲೋ ಭತ್ತ ಬೇಕು: 40 × 1.5 = 60. ಅದರಲ್ಲಿ ತೌಡು, ಹೊಟ್ಟು ಮಾರಿ ಬಂದದ್ದನ್ನು, 6 ಅನ್ನಿ, ಕಳೆಯಿರಿ. ಪಾಲು ಶೇ. 54. ಟೊಮೆಟೊಗೆ ಮಿಲ್ಲಿಲ್ಲ, ಆದರೆ ದಾರಿಯಲ್ಲಿ ನೂರರಲ್ಲಿ ಇಪ್ಪತ್ತು ಕಿಲೋ ಕೊಳೆತರೆ ಒಂದು ಕಿಲೋ ಮಾರಲು 1.25 ಕಿಲೋ ಕೊಂಡಿರಬೇಕು.

ಈ 54 ಲಾಭ ಅಲ್ಲ. ಬೀಜ, ಗೊಬ್ಬರ, ಕೂಲಿ, ಗೇಣಿ, ಸಾಲದ ಬಡ್ಡಿ ಎಲ್ಲ ಅದರೊಳಗಿಂದಲೇ ಹೋಗಬೇಕು. ಪಾಲು ಸಣ್ಣದಾದ ಮಾತ್ರಕ್ಕೆ ಮಧ್ಯವರ್ತಿ ಕಳ್ಳ ಅಂತಲೂ ಆಗಲ್ಲ, ಸಾಗಣೆ, ಗೋದಾಮು, ಕೊಳೆತದ್ದರ ನಷ್ಟ ಅವರ ಲೆಕ್ಕದಲ್ಲಿ ಇರುತ್ತೆ. ನನ್ನ ಕೇಳಿದರೆ ಕೇಳಬೇಕಾದ ಪ್ರಶ್ನೆ ಬೇರೆ: ಬೆಲೆ ಬಿದ್ದಾಗ ಪೆಟ್ಟು ತಿನ್ನೋದು ಯಾರು? ಬೆಳೆದವರಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ ಇರುವ ಫೇರ್‌ಟ್ರೇಡ್ ಮುದ್ರೆಯ ಕಾಫಿ, ಕೋಕೊಗೆ ಕನಿಷ್ಠ ಬೆಲೆ ಅಂತ ಇರೋದು ಇದಕ್ಕೇ. ಜೊತೆಗೆ ಪ್ರೀಮಿಯಂ ಅಂತ, ಅಂದರೆ ಬೆಲೆಯ ಮೇಲೆ ಒಂದಿಷ್ಟು ಹೆಚ್ಚುವರಿ ದುಡ್ಡು, ಬೆಳೆಗಾರರ ಸಂಘಕ್ಕೆ ಹೋಗುತ್ತೆ. ಆದರೆ ಆ ಮುದ್ರೆಯಲ್ಲಿ ಮಾರಾಟವಾದಷ್ಟಕ್ಕೆ ಮಾತ್ರ ಅದು ಅನ್ವಯ, ಇಡೀ ಬೆಳೆಗಲ್ಲ.

ತಳಹಿಡಿದದ್ದು:
@ತೌಡು ಅವರ ಲೆಕ್ಕ ಸರಿ. ಆದರೆ ಆ ಚರ್ಚೆ ಸಾಮಾನ್ಯವಾಗಿ "ಹಾಗಾದರೆ ನಾವೆಲ್ಲ ಸ್ವಲ್ಪ ಜಾಸ್ತಿ ಕೊಡೋಣ" ಅಂತ ನಿಲ್ಲುತ್ತೆ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಸುಮಾರು 280 ಕೋಟಿ ಜನಕ್ಕೆ ಪೌಷ್ಟಿಕ ಊಟ ಕೊಳ್ಳುವಷ್ಟು ಶಕ್ತಿ ಇರಲಿಲ್ಲ. ಜಾಸ್ತಿ ಕೊಡಿ ಅನ್ನೋದು ಅವರಿಗೆ ಅನ್ವಯಿಸೋ ಮಾತಲ್ಲ, ನಿಮ್ಮ ಹದಿನೈದು ಮನೆಗಳಲ್ಲೂ ಅಂಥವರು ಇರಬಹುದು. ಮನೆಯಲ್ಲಿ ಚೆಲ್ಲುವ ಅನ್ನದ ಮಾತು ತೆಗೆದರೂ ಹುಷಾರು: ಅದೇ ವರ್ಷ ಜಗತ್ತಿನಲ್ಲಿ ಅಂಗಡಿ, ಹೋಟೆಲ್, ಮನೆ ಸೇರಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ. 60 ಮನೆಗಳದು ಅನ್ನೋದು ನಿಜ, ಆದರೆ ಹೊಲ, ಗೋದಾಮುಗಳ ನಷ್ಟ ಆ ಅಂಕಿಯಲ್ಲಿ ಸೇರಿಲ್ಲ.

ಇನ್ನೊಂದು, ಬಾಡಿಸುವಾಗ ಲೆಕ್ಕ ಶುರು ಮಾಡಬೇಡಿ. ಬೇಳೆ ಕುದಿ ಬಂದು, ನೊರೆ ತೆಗೆದು, ಸಣ್ಣ ಉರಿಗೆ ಇಳಿಸಿದ ಮೇಲೆ 15 ನಿಮಿಷ ಸಿಗುತ್ತೆ. ಮಾತು ಅಷ್ಟರೊಳಗೆ. ಐದು ನಿಮಿಷಕ್ಕೊಮ್ಮೆ "ತಳ ಕೆದಕಿ" ಅಂತ ಕೂಗಲು ಒಬ್ಬರನ್ನು ನೇಮಿಸಿ.

ಬಾಣಲೆ:
ಬೆಲೆ 100 ಅಂತಿಟ್ಟುಕೊಂಡು ಎಲ್ಲರಿಂದಲೂ ಲೆಕ್ಕ ಮಾಡಿಸ್ತೀನಿ, ಪಟ್ಟಿ ಈ ವಾರವೇ ಕಳಿಸ್ತೀನಿ. ಅನ್ನ ಮಾತ್ರ ಮೊದಲೇ ಮಾಡಿಟ್ಟುಕೊಳ್ಳಿ ಅನ್ನಬಹುದಾ? ಒಂದೇ ಒಲೆ ಇರುವವರಿದ್ದಾರೆ.

ಅಳತೆಲೋಟ:
ಧಾರಾಳವಾಗಿ. ಕಾಲ್‌ಗೆ ಸೇರುವ ಅರ್ಧ ಗಂಟೆ ಮೊದಲು ಮಾಡಿ ಮುಚ್ಚಿಡಲಿ, ಊಟದ ಹೊತ್ತಿಗೂ ಬಿಸಿ ಇರುತ್ತೆ. ಬೆಳಿಗ್ಗೆಯೇ ಮಾಡಿ ಹೊರಗಿಡೋದು ಬೇಡ. ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಬೇಕು. ಹೊರಗೇ ಉಳಿದ ಅನ್ನದಲ್ಲಿ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಫ್ರಿಜ್ ಇಲ್ಲದವರಿಗೆ ಅಕ್ಕಿಯ ಅಳತೆಯನ್ನೇ ಕಡಿಮೆ ಹೇಳಿ, ತಲೆಗೆ 75 ಗ್ರಾಂ ಸಾಕು.