ಕೆರೆ ನೀರಿನ ಪಿಎಚ್ ಬೆಳಿಗ್ಗೆ 6.6, ಮಧ್ಯಾಹ್ನ 8.9: ಪೆನ್ನು ಕೆಟ್ಟಿದೆಯೋ, ಕೆರೆ ಕೆಟ್ಟಿದೆಯೋ?

ಕೋಡಿಕಲ್ಲು, ಸಾಗರ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆ ನೀರು ಕಾಯೋಕೆ ಊರಿನವರೇ ಸೇರಿ ಒಂದು ಗುಂಪು ಮಾಡ್ಕೊಂಡಿದೀವಿ. ಸಂಘ, ರಿಜಿಸ್ಟ್ರೇಶನ್ ಅಂತ ಏನೂ ಇಲ್ಲ. ಕೈಯಲ್ಲಿರೋದು ಹಳದಿ ಬಣ್ಣದ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಪೆನ್ನು, ಒಂದು ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) ಪೆನ್ನು, ಮೀನು ಸಾಕೋರು ಇಟ್ಕೊಳ್ಳೋ ಹನಿ ಹಾಕಿ ನೋಡೋ ಡಿಒ (ನೀರಲ್ಲಿ ಕರಗಿದ ಆಮ್ಲಜನಕ) ಕಿಟ್ಟು, ಅಷ್ಟೇ.

ಬೆಳಗಿನ ತಂಡ ಡೈರಿಗೆ ಹಾಲು ಹಾಕಿ ಬರ್ತಾ ತೂಬಿನ ಹತ್ರ ಅಳೀತಾರೆ. ಕಾಲೇಜು ಹುಡುಗರು ಮಧ್ಯಾಹ್ನ ಮೂರರ ಹೊತ್ತಿಗೆ ಅದೇ ಜಾಗದಲ್ಲಿ ಅಳೀತಾರೆ. ಬೆಳಗಿನವರಿಗೆ ಪಿಎಚ್ 6.6 ಆಸುಪಾಸು, ಹುಡುಗರಿಗೆ 8.9. ಪೆನ್ನು ಒಂದೇ, ತೂಬೂ ಒಂದೇ. ಟಿಡಿಎಸ್ ಮಾತ್ರ ಇಬ್ಬರಿಗೂ 42ರಿಂದ 46 ಪಿಪಿಎಂ ಒಳಗೇ ಬರುತ್ತೆ. ಪಿಎಚ್ ಪೆನ್ನಂತೂ ಅದ್ದಿದ ಮೇಲೆ ಒಂದು ಕಡೆ ನಿಲ್ಲೋದೇ ಇಲ್ಲ, ಅಂಕಿ ಮೆಲ್ಲಗೆ ಜಾರ್ತಾನೇ ಇರುತ್ತೆ.

ವಾಟ್ಸಾಪ್ ಗುಂಪಲ್ಲಿ ಇದೇ ಜಗಳ. ಪೆನ್ನು ಡಬ್ಬಾ ಅಂತ ಅರ್ಧ ಜನ. ಯಾರೋ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಅಡಿಕೆ ಔಷಧಿ) ಮಾಡಿದ ಡ್ರಮ್ಮನ್ನು ಕೆರೇಲಿ ತೊಳೆದಿದಾರೆ, ಸುಣ್ಣ ಸೇರಿ ಪಿಎಚ್ ಏರಿದೆ ಅಂತ ಇನ್ನರ್ಧ ಜನ. ನೀರು ಹಸಿರಾಗಿರೋದು ನಿಜ. ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋದೂ ನಿಜ. ಕೆರೆಗೆ ಕಾಲುವೆ ಸೇರೋ ಮೂಲೇಲಿ ಕಾಮನಬಿಲ್ಲಿನ ಬಣ್ಣದ ಎಣ್ಣೆ ಪದರ ಬೇರೆ ಇದೆ, ಟ್ರ್ಯಾಕ್ಟರ್ ತೊಳೆದ ಡೀಸೆಲ್ ಅಂತ ಅನುಮಾನ. ಇದರ ಮಧ್ಯೆ ಔಷಧಿ ಹೊಡೆದು ಉಳಿದ ಮೈಲುತುತ್ತ ಕರಗಿಸಿ ಹಾಕಿದ್ರೆ ಪಾಚಿ ಸಾಯುತ್ತೆ ಅಂತ ಹಿರಿಯರೊಬ್ಬರು ರೆಡಿಯಾಗಿ ಕೂತಿದಾರೆ. ಯಾವುದನ್ನ ಮೊದಲು ನೋಡ್ಬೇಕು ಹೇಳಿ.

ತೋಟಗಾವಲು, ತೀರ್ಥಹಳ್ಳಿ

ಅಗ್ಗದ ಪೆನ್ನು ಮಾರಾಯ್ರೆ, ಅದನ್ನ ನಂಬ್ಕೊಂಡು ಊರಲ್ಲಿ ಜಗಳ ಎಂತಕೆ? ನಮ್ಮ ಬಾವಿ ನೀರಿಗೂ ಹಿಂಗೇ ಜಾರ್ತಿತ್ತು. ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಅಂಕಿ ಗಪ್ಪಂತ ನಿಲ್ಲುತ್ತೆ.

ಬ್ಯೂರೆಟ್, ಶಿವಮೊಗ್ಗ

ಮೊದಲು ಆ ಮೈಲುತುತ್ತದ ಚೀಲ ಒಳಗಿಡ್ಸಿ, ಉಳಿದ ಮಾತು ಆಮೇಲೆ. ಅದರಲ್ಲಿರೋ ತಾಮ್ರ ಮೀನಿನ ಕಿವಿರಿಗೆ ವಿಷ, ಅದರಲ್ಲೂ ಗಡಸುತನ ಇಲ್ಲದ ನೀರಲ್ಲಿ ವಿಷ ಇನ್ನೂ ಜಾಸ್ತಿ. ಬಯಲುಸೀಮೆಯ ಗಡಸು ನೀರಲ್ಲಿ ಮೀನು ತಡ್ಕೊಳ್ಳೋವಷ್ಟು ತಾಮ್ರ ನಿಮ್ಮ ಕೆರೇಲಿ ಮೀನನ್ನ ಮಲಗಿಸಿಬಿಡುತ್ತೆ. ಪಾಚಿ ಸಾಯೋದೇನೋ ನಿಜ. ಆದ್ರೆ ಸತ್ತ ಪಾಚಿ ಒಟ್ಟಿಗೇ ಕೊಳೆಯೋಕೆ ಶುರುವಾದ್ರೆ ಉಳಿದಿರೋ ಆಮ್ಲಜನಕಾನೂ ಅದೇ ತಿಂದು ಹಾಕುತ್ತೆ. ಹಾಕಿದ ತಾಮ್ರ ಎಲ್ಲೂ ಹೋಗಲ್ಲ, ಹೂಳಲ್ಲೇ ಕೂರುತ್ತೆ.

ಈಗ ಪೆನ್ನಿನ ವಿಷಯ. ನೀವು ಬರೆದಿದ್ರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಪಿಎಚ್ ಅಲ್ಲ, ಆ 44 ಪಿಪಿಎಂ ಟಿಡಿಎಸ್. ಅದು ಹೆಚ್ಚುಕಮ್ಮಿ ಮಳೆ ನೀರೇ. ಜಂಬಿಟ್ಟಿಗೆ ಮಣ್ಣಲ್ಲಿ ಸುಣ್ಣದಂಶ ಮೊದಲೇ ಕಡಿಮೆ, ಇದ್ದದ್ದನ್ನೂ ಮಲೆನಾಡಿನ ಮಳೆ ತೊಳ್ಕೊಂಡು ಹೋಗಿರುತ್ತೆ. ಇಂಥ ನೀರಲ್ಲಿ ಅಯಾನುಗಳು (ಕರಗಿದ ಲವಣದ ವಿದ್ಯುತ್ ಕಣಗಳು) ಕಮ್ಮಿ ಇರೋದ್ರಿಂದ ಪಿಎಚ್ ಎಲೆಕ್ಟ್ರೋಡು ನಿಧಾನಕ್ಕೆ ಸ್ಥಿರ ಆಗುತ್ತೆ. ದುಬಾರಿ ಮೀಟರಿಗೂ ಇದೇ ಕಾಟ. ಪೆನ್ನು ಕೆಟ್ಟಿದೆಯಾ ಅಂತ ಕೆರೆ ನೀರಲ್ಲಿ ನೋಡ್ಬೇಡಿ, ಬಫರಲ್ಲಿ, ಅಂದ್ರೆ ಪಿಎಚ್ ಎಷ್ಟು ಅಂತ ಮೊದಲೇ ಗೊತ್ತಿರೋ ದ್ರಾವಣದಲ್ಲಿ ನೋಡಿ. ಪೆನ್ನಿನ ಜೊತೆ ಬಂದ ಪುಡಿ ಪೊಟ್ಟಣ ಇರುತ್ತಲ್ಲ, 6.86ರದ್ದು ಮತ್ತು 9.18ರದ್ದು, ಒಂದೊಂದನ್ನೂ 250 ಮಿ.ಲೀ. ಡಿಸ್ಟಿಲ್ಡ್ ವಾಟರಲ್ಲಿ ಕರಗಿಸಿ. ಎರಡರಲ್ಲೂ ಅರ್ಧ ನಿಮಿಷದೊಳಗೆ ಅಂಕಿ ಆಯಾ ಪೊಟ್ಟಣದ ಅಂಕಿ ಹತ್ರಾನೇ ನಿಂತ್ರೆ ಪೆನ್ನು ಸರಿ ಇದೆ.

ಆಮೇಲೆ ಕೆರೆ ನೀರಲ್ಲಿ ಪೆನ್ನಿನ ತುದೀನ ಹತ್ತು ಹದಿನೈದು ನಿಮಿಷ ನೆನೆಸಿಡಿ. ಆ ನೀರು ಚೆಲ್ಲಿ ಹೊಸ ನೀರು ತಗೊಳ್ಳಿ, ಅಲ್ಲಾಡಿಸದೆ ಕಾಯಿರಿ. ಒಂದು ನಿಮಿಷದಲ್ಲಿ 0.1ಕ್ಕಿಂತ ಜಾಸ್ತಿ ಜಾರದಿದ್ದಾಗ ಬರ್ಕೊಳ್ಳಿ. ಮೂರು ನಿಮಿಷ ಹಿಡಿಯಬಹುದು, ಐದೂ ಹಿಡಿಯಬಹುದು.

ತೋಟಗಾವಲು ಅಣ್ಣ, ಉಪ್ಪಿನ ಯೋಚನೆ ಪೂರ್ತಿ ತಪ್ಪಲ್ಲ. ಲ್ಯಾಬಲ್ಲಿ ಇಂಥ ನೀರಿಗೆ ಶುದ್ಧ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸೋ ಪದ್ಧತಿ ಇದೆ. ಅಡುಗೆ ಉಪ್ಪಲ್ಲಿ ಅಯೋಡಿನ್ನು, ಗಂಟು ಕಟ್ಟದಿರೋಕೆ ಹಾಕಿದ ಪುಡಿ ಎಲ್ಲಾ ಇರುತ್ತೆ. ಅಂಕಿ ನಿಲ್ಲುತ್ತೆ, ಸರಿಯಾದ ಜಾಗದಲ್ಲೇ ನಿಂತಿದೆ ಅನ್ನೋ ಗ್ಯಾರಂಟಿ ಇಲ್ಲ.

ಅಂದ ಹಾಗೆ ಪೆನ್ನಿನ ಟೋಪಿಯೊಳಗೆ ಏನಿದೆ?

ಕೋಡಿಕಲ್ಲು

ಬ್ಯಾಟರಿ ವಾಟರ್, ಅದೇ ಡಿಸ್ಟಿಲ್ಡ್ ವಾಟರ್. ಸ್ವಚ್ಛ ಇರ್ಲಿ ಅಂತ ಗ್ಯಾರೇಜಿಂದ ತಂದು ಹಾಕಿದೀವಿ.

ಬ್ಯೂರೆಟ್

ಬಫರ್ ಪುಡಿ ಕರಗಿಸೋಕೆ ಅದು ಸಾಕು, ಪೆನ್ನು ಇಡೋಕೆ ಬೇಡ. ಗಾಜಿನ ಗುಂಡಿಯೊಳಗಿನ ಲವಣ ಹೊರಗೆ ಸೋರಿ ಪೆನ್ನು ಇನ್ನೂ ಮಂದ ಆಗುತ್ತೆ. ಸ್ಟೋರೇಜ್ ದ್ರಾವಣ ಅಂತಲೇ ಸಿಗುತ್ತೆ, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಟೋಪಿಗೆ ಕೆಲವು ಹನಿ ಸಾಕು. ಒಂದು ರಾತ್ರಿ ಅದರಲ್ಲಿಟ್ಟು ಬಫರ್ ನೋಡಿ ಬರೀರಿ.

ಒರತೆ, ಹೊಸನಗರ

ಎಣ್ಣೆ ಪದರದ ಬಗ್ಗೆ ಯಾರೂ ಹೇಳ್ಲಿಲ್ಲ, ನಾನೇ ಹೇಳ್ತೀನಿ. ನಾನು ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಂಗಸರಿಗೆ ಕಿಟ್ ತರಬೇತಿ ಕೊಟ್ರಲ್ಲ, ಅದರಲ್ಲಿ ಕಲಿತವಳು. ಒಂದು ಕಡ್ಡಿ ತಗೊಂಡು ಆ ಪದರಾನ ಚುಚ್ಚಿ ಎಳೀರಿ. ಗಾಜು ಒಡೆದಂಗೆ ಚೂರು ಚೂರಾಗಿ, ಮೂಲೆ ಮೂಲೆ ಇರೋ ತುಂಡಾಗಿ ಒಡೆದು ಹಾಗೇ ದೂರ ನಿಂತ್ರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಕೆನೆ. ಡೀಸೆಲ್ ಆದ್ರೆ ಕಡ್ಡಿ ಹೋದ ಜಾಗಕ್ಕೆ ಮತ್ತೆ ಹರಿದು ಬಂದು ಕೂಡ್ಕೊಳ್ಳುತ್ತೆ, ವಾಸನೇನೂ ಇರುತ್ತೆ. ಕೆಳಗೆ ಮೆತ್ತಗೆ ಹತ್ತಿಯಂಥ ಕೆಂಪು ರಾಡಿ ಇದ್ರೆ ಇನ್ನೇನೂ ನೋಡೋದೇ ಬೇಡ. ನಮ್ಮ ಕಡೆ ಗದ್ದೆ ಬದುವಿನ ಜವುಳಲ್ಲಿ ಎಷ್ಟು ಬೇಕಾದ್ರೂ ಸಿಗುತ್ತೆ. ನೆಲದೊಳಗೆ ಕರಗಿದ್ದ ಕಬ್ಬಿಣ ಹೊರಗೆ ಬಂದು ಗಾಳಿ ಕಂಡ ಜಾಗ ಅದು. ಪಾಪ ಟ್ರ್ಯಾಕ್ಟರಿನವರ ಮೇಲೆ ಹಾಕ್ಬೇಡಿ.

ಕೋಡಿಕಲ್ಲು

ಅಕ್ಕಾ, ಕಡ್ಡಿ ಹಾಕಿ ನೋಡಿದ್ವಿ. ಚೂರು ಚೂರೇ ಆಯ್ತು! ಟ್ರ್ಯಾಕ್ಟರಿನ ಯಜಮಾನರು ಏರಿ ಮೇಲೆ ನಿಂತು ಕೈ ಕಟ್ಕೊಂಡು ನೋಡ್ತಿದ್ರು. ಅವರ ಮುಖ ನೋಡೋ ಹಾಗಿತ್ತು.

ಬ್ಯೂರೆಟ್ ಸರ್, ಪೆನ್ನು 6.86ರಲ್ಲಿ 6.9, 9.18ರಲ್ಲಿ 9.1 ತೋರಿಸ್ತು. ಆದ್ರೆ ಕೆರೇಲಿ ಬೆಳಿಗ್ಗೆ ಕಮ್ಮಿ ಮಧ್ಯಾಹ್ನ ಜಾಸ್ತಿ ಅನ್ನೋದು ಹಾಗೇ ಇದೆ. ಹಾಗಾದ್ರೆ ಸುಣ್ಣಾನೇ ಇರಬಹುದಾ?

ಬ್ಯೂರೆಟ್

ಸುಣ್ಣ ಸೇರಿದ್ರೆ ಟಿಡಿಎಸ್ ಕೂಡ ಏರ್ಬೇಕು, ನಿಮ್ಮದು ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲಾಡಿಲ್ಲ. ಮತ್ತೆ ಸುಣ್ಣ ದಿನಾ ರಾತ್ರಿ ಎದ್ದು ಹೋಗಿ ಮಧ್ಯಾಹ್ನ ವಾಪಸ್ ಬರಲ್ಲ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋದು ಮಳೆ ಹಿಡಿಯೋ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಈಗ ಕೊಯ್ಲಿನ ಹೊತ್ತು. ಡ್ರಮ್ಮು ಕೆರೇಲಿ ತೊಳೆಯೋದು ಕೆಟ್ಟ ಅಭ್ಯಾಸ, ಅದನ್ನ ನಿಲ್ಲಿಸ್ಲೇಬೇಕು. ಆದ್ರೆ ಈ ಏರಿಳಿತ ಅದರದ್ದಲ್ಲ.

ಇದು ಪಾಚಿಯ ಆಟ. ಬಿಸಿಲಿದ್ದಾಗ ಪಾಚಿ ನೀರಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡ್ ಎಳ್ಕೊಳ್ಳುತ್ತೆ, ಪಿಎಚ್ ಏರುತ್ತೆ. ರಾತ್ರಿ ಪಾಚಿ, ಮೀನು, ಹೂಳಿನ ಬ್ಯಾಕ್ಟೀರಿಯಾ ಎಲ್ಲಾ ಉಸಿರಾಡಿ ಅದನ್ನ ವಾಪಸ್ ಬಿಡ್ತವೆ, ಪಿಎಚ್ ಇಳಿಯುತ್ತೆ. ಬೈಕಾರ್ಬೊನೇಟ್ ಜಾಸ್ತಿ ಇರೋ ನೀರು ಇದನ್ನ ತಡ್ಕೊಳ್ಳುತ್ತೆ, ಅಲ್ಲಿ ಏರಿಳಿತ ಸಣ್ಣದು. ನಿಮ್ಮ ಮೃದು ನೀರಿಗೆ ಆ ತಡೆ ಇಲ್ಲ. ಪೆನ್ನು ಜಾರೋದಕ್ಕೂ ಕೆರೆಯ ಪಿಎಚ್ ಜಿಗಿಯೋದಕ್ಕೂ ಕಾರಣ ಒಂದೇ. ಎರಡೂ ತಂಡ ಅಳೆದಿದ್ದು ಸರಿಯಾಗೇ ಇದೆ.

ಖಾತ್ರಿ ಬೇಕಂದ್ರೆ ಡಿಒ ಕಿಟ್ ತೆಗೀರಿ. ಸೂರ್ಯ ಹುಟ್ಟೋ ಮುಂಚೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ನೋಡಿ. ಬಾಟಲಿಯನ್ನ ನೀರಿನೊಳಗೇ ಮುಳುಗಿಸಿ ತುಂಬಿ, ಅಲ್ಲೇ ಮುಚ್ಚಳ ಹಾಕಿ, ಒಂದು ಗುಳ್ಳೇನೂ ಇರಬಾರದು. ಮೊದಲೆರಡು ದ್ರಾವಣ ಹಾಕಿದ ಮೇಲೆ ಕಂದು ಬಣ್ಣದ ಗಸಿ ಕಟ್ಟಿದ್ರೆ ಆಮ್ಲಜನಕ ಇದೆ, ಬಿಳಿ ಗಸಿ ಆದ್ರೆ ಇಲ್ಲ. ಅಲ್ಲಿಗೇ ಅರ್ಧ ಉತ್ತರ ಸಿಕ್ಕಿರುತ್ತೆ. ಕೊನೇಲಿ ಪಿಷ್ಟ ಹಾಕಿದಾಗ ಬರೋ ನೀಲಿ ಬಣ್ಣ ಪೂರ್ತಿ ಹೋಗೋವರೆಗೆ ಹನಿ ಎಣಿಸಿ. ಸಾಗರದ ಕಡೆ ಎತ್ತರ ಸುಮಾರು 600 ಮೀಟರ್, 25 ಡಿಗ್ರಿ ನೀರಲ್ಲಿ ಬರೀ ಗಾಳಿಯಿಂದ ಕರಗೋ ಆಮ್ಲಜನಕ ಲೀಟರಿಗೆ 7.7 ಮಿ.ಗ್ರಾಂ ಹತ್ತಿರ. ಮಧ್ಯಾಹ್ನ ಅದನ್ನ ದಾಟಿದ್ರೆ ದಾಟಿದ್ದಷ್ಟೂ ಪಾಚಿ ಕೊಟ್ಟಿದ್ದು. ಸುಣ್ಣ ಆಮ್ಲಜನಕ ಕೊಡಲ್ಲ.

ಕೋಡಿಕಲ್ಲು

ನೋಡಿದ್ವಿ. ನಸುಕಿಗೆ 3, ಮಧ್ಯಾಹ್ನ 11. ಟಾರ್ಚ್ ಬೆಳಕಲ್ಲಿ ಹನಿ ಎಣಿಸೋದು ಒಂದು ಸಾಹಸ. ಪಂಚಾಯ್ತಿಗೆ ಬರೆದು ಕೊಡೋಕೆ ಯಾವ ಅಂಕಿ ಹಾಕೋದು? 11 ನೋಡಿದ್ರೆ ನಿಮ್ಮ ಕೆರೆ ಭೇಷ್ ಇದೆಯಲ್ಲಾ ಅಂತಾರೆ.

ಬ್ಯೂರೆಟ್

ಎರಡೂ ಹಾಕಿ, ಪಕ್ಕದಲ್ಲಿ ಗಂಟೆ ಬರೀರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನ ಬಳಕೆ ಪ್ರಕಾರ ಎ ಇಂದ ಇ ವರೆಗೆ ವರ್ಗ ಮಾಡಿದೆ. ಸ್ನಾನಕ್ಕೆ ಬಿ ವರ್ಗ, ಡಿಒ 5 ಅಥವಾ ಜಾಸ್ತಿ ಬೇಕು. ಮೀನು ಮತ್ತು ವನ್ಯಜೀವಿಗೆ ಡಿ ವರ್ಗ, 4 ಅಥವಾ ಜಾಸ್ತಿ. ಎರಡಕ್ಕೂ ಪಿಎಚ್ 6.5ರಿಂದ 8.5. ನಿಮ್ಮದು ನಸುಕಿಗೆ ಡಿಒದಲ್ಲಿ ಸೋಲುತ್ತೆ, ಮಧ್ಯಾಹ್ನ ಪಿಎಚ್‌ನಲ್ಲಿ ಸೋಲುತ್ತೆ. ಮೋಡ ಕವಿದ ದಿನಗಳು ಒಂದರ ಹಿಂದೊಂದು ಬಂದ್ರೆ ನಸುಕಿನ ಅಂಕಿ ಇನ್ನೂ ಕೆಳಗೆ ಹೋಗುತ್ತೆ, ಆಗ ಮೀನು ಸಾಯ್ತವೆ.

ಇನ್ನು ಪಾಚಿಗೆ ಊಟ ಹಾಕ್ತಿರೋರು ಯಾರು ಅಂತ ಹುಡುಕ್ಬೇಕು. ಇಲ್ಲಿ ನಿಮ್ಮ ಮೃದು ನೀರು ಉಪಕಾರಕ್ಕೆ ಬರುತ್ತೆ. ಕೆರೆ 44 ಇರೋವಾಗ ಎಲ್ಲಿಂದ ಏನು ಸೇರಿದ್ರೂ ಟಿಡಿಎಸ್ ಪೆನ್ನಿಗೆ ಎದ್ದು ಕಾಣುತ್ತೆ. ದಂಡೆ ಹಿಡಿದು ನಡೀರಿ, ಪ್ರತಿ ಕಾಲುವೆ ಬಾಯಲ್ಲೂ ಅದ್ದಿ. ಜಾಸ್ತಿ ಬಂದ ಕಾಲುವೇಲಿ ಮೇಲಕ್ಕೆ ಹೋಗ್ತಾ ಪ್ರತಿ ಮನೆ, ಕೊಟ್ಟಿಗೆ, ರಾಶಿ ಇದ್ದಲ್ಲಿ ಅದರ ಮೇಲೊಂದು ಕೆಳಗೊಂದು ಅಳತೆ ತಗೊಳ್ಳಿ.

ತೋಟಗಾವಲು

ಅಳೆಯೋದೇ ಬೇಡ, ಅಡಿಕೆ ಸಿಪ್ಪೆ ರಾಶಿ ನೋಡಿ. ನಮ್ಮ ಕಡೆ ರಸ್ತೆ ಬದಿ, ಹಳ್ಳದ ಬದಿ ಎಲ್ಲಾ ಅದೇ. ಮಳೆಗೆ ಕೊಳೆತು ಕಪ್ಪು ನೀರು ಇಳಿಯುತ್ತೆ.

ಕೋಡಿಕಲ್ಲು

ನಾವೂ ಹಾಗೇ ಅಂದ್ಕೊಂಡಿದ್ವಿ ಅಣ್ಣ. ಕಾಲುವೆ ಬಾಯಲ್ಲಿ ಟಿಡಿಎಸ್ 190. ಹೋದ ವರ್ಷದ ಸಿಪ್ಪೆ ರಾಶಿ ಅದೇ ಕಾಲುವೆ ಪಕ್ಕ ಇದೆ. ಅದರ ಮೇಲೆ 160, ಕೆಳಗೆ 190. ಅಂದ್ರೆ ರಾಶಿ ಹತ್ರ ಬರೋ ಮೊದಲೇ 160 ಇತ್ತು! ಇನ್ನೂ ಮೇಲಕ್ಕೆ ಹೋದ್ವಿ. ಒಂದು ಗೋಬರ್ ಗ್ಯಾಸಿನ ಸ್ಲರಿ ಗುಂಡಿ ತುಂಬಿ, ಒಡ್ಡು ಒಂದು ಕಡೆ ಕುಸಿದು, ತೋಟದ ಬಸಿಗಾಲುವೆಗೆ ಇಳೀತಿದೆ. ಅದರ ಮೇಲ್ಗಡೆ ಒರತೆ ನೀರು ಬರೀ 38. ಗುಂಡಿ ಮೈಲುತುತ್ತ ಹಾಕೋಣ ಅಂದ ಹಿರಿಯರದ್ದೇ. ಅಳತೆ ಕಾಗದ ನೋಡಿ ಅವರು ಏನೂ ಮಾತಾಡ್ಲಿಲ್ಲ. ಮರುದಿನ ಆಳು ಕರೆಸಿ ಒಡ್ಡು ಕಟ್ಟಿಸಿದ್ರು.

ಒರತೆ

ಒಳ್ಳೇದಾಯ್ತು. ಸಗಣಿ ಕೆರೆಗೆ ಸೇರ್ತಿತ್ತು ಅಂದ್ಮೇಲೆ ಆ ನೀರು ಮುಟ್ಟೋ ಮಕ್ಕಳಿರೋ ಕಡೆ ಎಚ್2ಎಸ್ ಬಾಟಲಿ ಪರೀಕ್ಷೇನೂ ಮಾಡಿ. ಗೆರೆವರೆಗೆ ನೀರು ತುಂಬಿ ಇಡೋದು, ಕಪ್ಪಾದ್ರೆ ಮಲದ ಸೋಂಕು ಇದೆ ಅಂತ. ಒಂದು ಮಾತು, ಅದಕ್ಕೆ 30ರಿಂದ 37 ಡಿಗ್ರಿ ಬೆಚ್ಚಗಿರಬೇಕು. ನಮ್ಮ ಚಳಿಗೆ ಕಿಟಕಿ ಮೇಲಿಟ್ರೆ ಕಪ್ಪಾಗೋದೇ ಇಲ್ಲ, ನೀರು ಚೆನ್ನಾಗಿದೆ ಅಂತ ಬರೆದುಬಿಡ್ತಾರೆ. ಬಚ್ಚಲ ಒಲೆ ಗೋಡೆ ಹಿಂಬದಿ ಇಡಿ, 48 ಗಂಟೆ ಆದ್ಮೇಲೆ ನೋಡಿ.

ಬ್ಯೂರೆಟ್

ಸಿಪ್ಪೆ ರಾಶೀನ ಸುಮ್ನೆ ಬಿಡ್ಬೇಡಿ, 30 ಪಿಪಿಎಂ ಅದರದ್ದೂ ಇದೆ. ಕಾಲುವೆಯಿಂದ ದೂರ ಎಳೆದು, ಅದೇ ಸ್ಲರಿ ಪದರ ಪದರವಾಗಿ ಹಾಕಿ ಕೊಳೆಸಿದ್ರೆ ತೋಟಕ್ಕೇ ಗೊಬ್ಬರ.

ಒಡ್ಡು ಕಟ್ಟಿದ ತಕ್ಷಣ ನೀರು ತಿಳಿಯಾಗುತ್ತೆ ಅಂತ ಗುಂಪಲ್ಲಿ ಹೇಳ್ಬೇಡಿ. ಹೂಳಲ್ಲಿ ಕೂತ ರಂಜಕ (ಫಾಸ್ಫರಸ್, ಪಾಚಿಯ ಊಟ), ತಳದಲ್ಲಿ ಆಮ್ಲಜನಕ ಕಮ್ಮಿಯಾದಾಗೆಲ್ಲಾ ಮೇಲೆ ಬರ್ತಾ ಇರುತ್ತೆ. ಬೇಸಿಗೇಲಿ ನೀರು ಇಳಿದಾಗ ಹಸಿರು ಇನ್ನೂ ಜಾಸ್ತಿ ಕಂಡ್ರೂ ಗಾಬರಿ ಬೇಡ. ಮಳೆ ಬಂದು ಕೋಡಿ ಬಿದ್ದ ಮೇಲೆ ನಸುಕಿನ ಡಿಒ ಮತ್ತು ಮೂರು ಗಂಟೆಯ ಪಿಎಚ್ ಹೋಲಿಸಿ. ಅಲ್ಲೀವರೆಗೆ ತಿಂಗಳಿಗೊಮ್ಮೆ ಕಾಲುವೆ ಬಾಯಲ್ಲಿ ಟಿಡಿಎಸ್ ಸಾಕು.

ಕೋಡಿಕಲ್ಲು

ಆಯ್ತು ಸರ್. ಕಾಲುವೆ ಬಾಯಲ್ಲಿ ಈಗ 70 ತೋರಿಸ್ತಿದೆ. ಸಿಪ್ಪೆ ಎಳೆಯೋಕೆ ಟ್ರ್ಯಾಕ್ಟರ್ ಬೇಕು. ಡೀಸೆಲ್ ಅಂತ ಬೈಸ್ಕೊಂಡವರ ಹತ್ರಾನೇ ಹೋಗಿ ಕೇಳ್ಬೇಕು, ಯಾರು ಹೋಗೋದು ಅಂತ ಗುಂಪಲ್ಲಿ ಚರ್ಚೆ ನಡೀತಿದೆ.