ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಜನರಿಗೆಷ್ಟು ಗೊತ್ತು: ಸಮೀಕ್ಷೆ ಮಾಡಿದವರು ತಿಳಿಸಿ

ಕೇಳಿದವರು: ಸಮುದಾಯ ವೈದ್ಯಕೀಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ ನಾನು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕುರಿತ ಅರಿವನ್ನು ಅಳೆಯಬೇಕಿದೆ. ಪ್ರಶ್ನಾವಳಿ ಹೇಗಿರಬೇಕು? ಎಷ್ಟು ಜನರನ್ನು ಕೇಳಬೇಕು?

ಉಪನ್ಯಾಸಕಿ: ಪ್ರಶ್ನಾವಳಿಯನ್ನು ಮೊದಲಿನಿಂದ ಹೆಣೆಯಲು ಹೋಗಬೇಡಿ. ಬ್ರಿಟನ್ನಿನಲ್ಲಿ ರೂಪಿಸಿದ ‘ಬವೆಲ್ ಕ್ಯಾನ್ಸರ್ ಅವೇರ್‌ನೆಸ್ ಮೆಷರ್’ ಎಂಬ ಸಿದ್ಧ ಪ್ರಶ್ನಾವಳಿ ಇದೆ. ಅದನ್ನು ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿ. ಅದರಲ್ಲಿ ಮೊದಲು ಯಾವ ಪಟ್ಟಿಯನ್ನೂ ತೋರಿಸದೆ ಗೊತ್ತಿರುವ ಲಕ್ಷಣಗಳನ್ನು ಹೇಳಿಸುತ್ತಾರೆ. ಆಮೇಲೆ ಒಂಬತ್ತು ಲಕ್ಷಣಗಳನ್ನು ಒಂದೊಂದಾಗಿ ಓದಿ ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಈ ಕ್ರಮವನ್ನು ಅದಲುಬದಲು ಮಾಡಿದರೆ ಜನ ನೀವು ಓದಿದ್ದನ್ನೇ ನಿಮಗೆ ಒಪ್ಪಿಸುತ್ತಾರೆ. ಮನೆಗೆ ಬಂದವರಿಗೆ ‘ಇಲ್ಲ’ ಎನ್ನಲು ನಮ್ಮವರಿಗೆ ಸಂಕೋಚ ಬೇರೆ. ಅದಕ್ಕಾಗಿ ನಮ್ಮ ಪಟ್ಟಿಯ ನಡುವೆ ‘ಕಿವಿ ಸೋರುವುದು’ ಎಂದೂ ಸೇರಿಸಿದ್ದೆವು. ಅದಕ್ಕೂ ‘ಇರಬಹುದು ಮೇಡಂ’ ಎಂದು ತಲೆಯಾಡಿಸಿದವರ ಉತ್ತರಗಳನ್ನು ಪ್ರತ್ಯೇಕವಾಗಿ ನೋಡಿದೆವು.

ಕ್ಷೇತ್ರ ಮೇಲ್ವಿಚಾರಕಿ: ಲಕ್ಷಣಗಳ ಹೆಸರು ಹೇಳಿಸುವುದು ಪರೀಕ್ಷೆಯಾಯಿತು, ಅಷ್ಟೇ. ‘ಮಲದಲ್ಲಿ ರಕ್ತ ಕಂಡರೆ ಏನು ಮಾಡುತ್ತೀರಿ? ಎಷ್ಟು ದಿನ ಕಾಯುತ್ತೀರಿ? ಮೊದಲು ಯಾರ ಬಳಿ ಹೋಗುತ್ತೀರಿ?’ ಎಂದು ಕೇಳಿ ನೋಡಿ. ‘ಉಷ್ಣ ಆಗಿರುತ್ತದೆ, ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ’ ಎನ್ನುತ್ತಾರೆ, ಇಲ್ಲವೇ ಮೂಲವ್ಯಾಧಿ ಎಂದು ತಾವೇ ತೀರ್ಪು ಕೊಡುತ್ತಾರೆ. ಆದ್ದರಿಂದ ಉತ್ತರದ ಆಯ್ಕೆಗಳಲ್ಲಿ ನಾಟಿ ವೈದ್ಯರು, ಔಷಧಿ ಅಂಗಡಿ, ‘ಯಾರ ಬಳಿಯೂ ಹೋಗುವುದಿಲ್ಲ’ ಇವೂ ಇರಲಿ. ಇನ್ನೊಂದು, ಮಾವ ಜಗಲಿಯಲ್ಲಿ ಕುಳಿತಿರುವಾಗ ಸೊಸೆ ಇಂಥ ಪ್ರಶ್ನೆಗೆ ಬಾಯಿ ಬಿಡುವಳೇ? ಆಶಾ ಕಾರ್ಯಕರ್ತೆಯನ್ನು ಮುಂದೆ ಕಳುಹಿಸಿ, ಹಿತ್ತಿಲಲ್ಲಿ ಮಾತನಾಡಿಸಿ. ಉತ್ತರ ಬರೆದುಕೊಳ್ಳುವಾಗ ಮಾತ್ರ ಆ ಕಾರ್ಯಕರ್ತೆ ಪಕ್ಕದಲ್ಲಿರುವುದು ಬೇಡ.

ಸಂಖ್ಯಾಶಾಸ್ತ್ರದವರು: ಎಲ್ಲರೂ ಬರೆಯುವ 384 ಎಂಬ ಸಂಖ್ಯೆ ಸರಳ ಯಾದೃಚ್ಛಿಕ ಆಯ್ಕೆಗೆ, ಅಂದರೆ ಚೀಟಿ ಎತ್ತಿದಂತೆ ಒಬ್ಬೊಬ್ಬರನ್ನೇ ಆರಿಸುವುದಕ್ಕೆ: ಅರಿವು ಶೇ. 50 ಎಂದು ಊಹಿಸಿ, ಶೇ. 5ರಷ್ಟು ಆಚೀಚೆ ಒಪ್ಪಿಕೊಂಡು, ಶೇ. 95ರ ವಿಶ್ವಾಸಮಟ್ಟಕ್ಕೆ ಬರುವ ಲೆಕ್ಕ. ನೀವು ಮೊದಲು ಹಳ್ಳಿ, ಆಮೇಲೆ ಮನೆ ಆರಿಸುವುದಾದರೆ ಒಂದೇ ಊರಿನವರ ಉತ್ತರ ಒಂದರಂತೊಂದು ಇರುತ್ತವೆ. ಅದಕ್ಕಾಗಿ ಸಂಖ್ಯೆಯನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಎಂಬುದೇ ವಿನ್ಯಾಸ ಪರಿಣಾಮ; ಅದನ್ನು 2 ಎಂದು ಹಿಡಿದರೆ 768 ಆಗುತ್ತದೆ. ಅಷ್ಟು ಆಗದು ಎಂದು ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಕೇಳಿಕೊಂಡು ಬಂದು ‘ಸಾರ್ವಜನಿಕರ ಅರಿವು’ ಎಂದು ಶೀರ್ಷಿಕೆ ಹಾಕಬೇಡಿ.

ಉಪನ್ಯಾಸಕಿ: ಮರೆತಿದ್ದೆ. ಸರಿಯುತ್ತರಗಳನ್ನು ಸಂದರ್ಶನ ಮುಗಿದ ಮೇಲೆಯೇ ಹೇಳಿ. ಆಗ ‘ನನಗೂ ರಕ್ತ ಹೋಗುತ್ತದೆ’ ಎನ್ನುವವರು ಸಿಗಬಹುದು. ಅವರನ್ನು ಯಾವ ಆಸ್ಪತ್ರೆಗೆ, ಯಾವ ವಾರ, ಯಾರ ಬಳಿ ಕಳುಹಿಸುತ್ತೀರಿ ಎಂಬುದನ್ನು ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲೇ ಬರೆದು, ಚೀಟಿ ಅಚ್ಚು ಹಾಕಿಸಿಕೊಂಡು ಹೊರಡಿ.